ಟ್ಯಾಂಕಿನಡಿಯಲ್ಲಿ ಹೊಗೆ ಬಂದದ್ದಕ್ಕೆ ಇಲಿ ಕಾರಣವಂತೆ!

ಮೂರು ದಿನ ಆಯ್ತು, ಸಿಟ್ಟು ಇಳಿಯುತ್ತಿಲ್ಲ ಮಾರಾಯ್ರೆ. ಇವತ್ತು ಬರೆದೇ ಬಿಡ್ತೇನೆ.

ಗಲ್ಫಿನಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಬಂದ ಮೇಲೆ ತೆಗೆದುಕೊಂಡ ಬೈಕು ನನ್ನದು, ಸೆಕೆಂಡ್ ಹ್ಯಾಂಡ್ ಹಾರ್ಲಿ ಸ್ಟ್ರೀಟ್ ಗ್ಲೈಡ್. ಮುಂದೆ ಎರಡು ಸ್ಪೀಕರ್, ಚಾನೆಲ್ಲಿಗೆ 25 ವ್ಯಾಟ್. ಕುಂಬಳೆ ಪೇಟೆಯೊಳಗೆ ಅದು ಧಾರಾಳ ಸಾಕು. ಆದರೆ ಹೈವೇಯಲ್ಲಿ ಎಂಬತ್ತು ದಾಟಿತೋ, ಭಾಗವತರ ಪದ ಗಾಳಿಗೆ ಮುಳುಗಿ ಹೋಗ್ತದೆ. ನನ್ನ ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರ ಏಳೆಂಟು ಕ್ಯಾಸೆಟ್ಟು ಮನೆಯಲ್ಲಿತ್ತು, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸಿದ್ದೇನೆ. ದೂರ ಹೋಗುವಾಗ ಅಪ್ಪನ ಸ್ವರ ಸರಿಯಾಗಿ ಕೇಳಬೇಕು, ಇಷ್ಟೇ ನನಗೆ ಬೇಕಾದದ್ದು.

ಸದ್ದು ಹೆಚ್ಚಿಸುವ ಆಂಪ್ಲಿಫೈಯರ್, ಅಂದರೆ ಆಂಪ್, ಹಾಕಿಸಲಿಕ್ಕೆ ಪೇಟೆಯ ಒಂದು ಅಂಗಡಿಗೆ ಹೋದೆ. "1000 ವ್ಯಾಟಿನ ಆಂಪ್ ಸರ್, ಗುಡುಗ್ತದೆ" ಅಂದ. ಆಂಪು, ಸ್ಪೀಕರು, ವಯರು, ಕೂಲಿ ಎಲ್ಲ ಸೇರಿ 62,000 ರೂಪಾಯಿ. ಚರ್ಚೆ ಮಾಡದೆ ಕೊಟ್ಟೆ.

ಹನ್ನೊಂದನೇ ದಿನ ಬದಿಯಡ್ಕದಿಂದ ವಿಟ್ಲಕ್ಕೆ ಹೊರಟವನಿಗೆ ಪೆರ್ಲ ದಾಟಿದ ಕೂಡಲೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಕೆಳಗೆ ನೋಡಿದರೆ ಟ್ಯಾಂಕಿನಡಿಯಿಂದ ಹೊಗೆ! ಇಪ್ಪತ್ತೆರಡು ಲೀಟರ್ ಪೆಟ್ರೋಲ್ ಹಿಡಿಯುವ ಟ್ಯಾಂಕು ಅದು. ಬದಿಗೆ ಹಾಕಿ, ಸೀಟು ತೆಗೆದು, ಬ್ಯಾಟರಿಯ ನೆಗೆಟಿವ್ ಬಿಡಿಸುವಷ್ಟರಲ್ಲಿ ನನ್ನ ಕೈ ನಡುಗಿ ಸ್ಪ್ಯಾನರ್ ಎರಡು ಸಲ ಬಿತ್ತು.

ಮನೆಗೆ ಪಿಕಪ್‌ನಲ್ಲಿ ತಂದು ಬಿಚ್ಚಿ ನೋಡಿದೆ. ಈ ಬೈಕಿನಲ್ಲಿ ಮುಂದಿನ ಫೇರಿಂಗ್ (ಗಾಳಿ ತಡೆಯುವ ಕವಚ) ಹ್ಯಾಂಡಲ್ ಜೊತೆಗೇ ತಿರುಗುವಂಥದ್ದು. ಆಂಪ್ ಇರುವುದು ಅದರೊಳಗೆ, ಬ್ಯಾಟರಿ ಸೀಟಿನಡಿ. ಹಾಗಾಗಿ ಸ್ಟಿಯರಿಂಗ್ ಕುತ್ತಿಗೆಯ ಹತ್ತಿರ ವಯರಿಗೆ ಸ್ವಲ್ಪ ಸಡಿಲು ಬಿಡಲೇಬೇಕು, ಮೇಲೊಂದು ಸ್ಲೀವ್ ಹಾಕಲೇಬೇಕು. ಈ ಅಂಗಡಿಯವ ಬಿಗಿಯಾಗಿ ಎಳೆದು ಟೈ ಕಟ್ಟಿದ್ದಾನೆ! ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಉಜ್ಜಿ ಉಜ್ಜಿ ಹೊದಿಕೆ ಹರಿದು ಫ್ರೇಮಿಗೆ ತಾಗಿದೆ. ಬ್ಯಾಟರಿಯ ಹತ್ತಿರ, ಒಂದು ಗೇಣಿನೊಳಗೆ, ಫ್ಯೂಸ್ ಇದ್ದಿದ್ದರೆ ಅದೇ ಕ್ಷಣ ಹಾರಿ ಮುಗಿಯುತ್ತಿತ್ತು. ಇವ ಅಲ್ಲಿ ಫ್ಯೂಸೇ ಹಾಕಿಲ್ಲ. ಕೇಳಿದರೆ "ಆಂಪಿನಲ್ಲೇ ಉಂಟಲ್ಲ ಸರ್" ಅಂತಾನೆ. ಆಂಪಿನ ಫ್ಯೂಸ್ ಇರುವುದು ವಯರಿನ ಆಚೆ ತುದಿಯಲ್ಲಿ. ನಡುವೆ ಶಾರ್ಟ್ ಆದರೆ ಕರೆಂಟು ಅಲ್ಲಿವರೆಗೆ ಹೋಗುವುದೇ ಇಲ್ಲ, ಅದು ಹಾರುವುದು ಎಲ್ಲಿಂದ? ಬ್ಯಾಟರಿ ಹತ್ತಿರದ ಫ್ಯೂಸ್ ವಯರನ್ನು ಕಾಯಲಿಕ್ಕೆ ಇರುವುದು. ಇದೇ ಕಸುಬಿನಲ್ಲಿ ಹೊಟ್ಟೆ ಹೊರೆಯುವವನಿಗೆ ಇಷ್ಟು ಗೊತ್ತಿರಬೇಡವಾ?

ಸುಟ್ಟ ವಯರನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ. ತಾಮ್ರ ಅಂತ ಹಣ ತೆಗೆದುಕೊಂಡದ್ದು, ಕೊಟ್ಟದ್ದು ತಾಮ್ರದ ಲೇಪ ಇರುವ ಅಲ್ಯುಮಿನಿಯಂ.

ಇನ್ನು ಆ 1000 ವ್ಯಾಟು. 12 ವೋಲ್ಟಿನಲ್ಲಿ 1000 ವ್ಯಾಟ್ ಬೇಕಾದರೆ 80 ಆಂಪಿಯರಿಗೂ ಮಿಕ್ಕಿ ಎಳೆಯಬೇಕು. ಬೈಕಿನ ಚಾರ್ಜಿಂಗೇ 50 ಆಂಪಿಯರಿನದ್ದು, ಅದರಲ್ಲಿ ಇಂಜಿನು, ಲೈಟು ಎಲ್ಲ ನಡೆಯಬೇಕು. ಆಂಪಿನ ಮೇಲೆ ಇರುವ ಫ್ಯೂಸ್ ಎಷ್ಟರದ್ದು? 30. ಅಂದರೆ 13 ವೋಲ್ಟಿಗೆ ಲೆಕ್ಕ ಹಾಕಿದರೂ ಒಳಗೆ ಹೋಗುವುದು 390 ವ್ಯಾಟ್, ಅದರಲ್ಲಿ ಒಂದು ಪಾಲು ಬಿಸಿಯಾಗಿಯೇ ಹೋಗ್ತದೆ. ಡಬ್ಬಿಯ ಮೇಲೆ ಬರೆದದ್ದು ಪೀಕ್ ಲೆಕ್ಕ, ಒಂದು ಕ್ಷಣಕ್ಕೆ ಮಾತ್ರ ಸಿಗುವಂಥದ್ದು. ಆರ್‌ಎಂಎಸ್ (ನಿರಂತರ ಕೊಡುವ ವ್ಯಾಟ್) ಎಷ್ಟು ಅಂತ ಕೇಳಿದ್ದಕ್ಕೆ ಅವನಲ್ಲಿ ಉತ್ತರ ಇಲ್ಲ.

ಸದ್ದಾದರೂ ಚೆಂದ ಇತ್ತಾ ಅಂದರೆ ಅದೂ ಇಲ್ಲ. ಗೇನ್ ಪೂರ್ತಿ ತಿರುಗಿಸಿ ಇಟ್ಟಿದ್ದ. ಅದು ವಾಲ್ಯೂಮ್ ಬಟನ್ ಅಲ್ಲ ಮಾರಾಯ, ಸೆಟ್ಟಿನಿಂದ ಬರುವ ಸಿಗ್ನಲಿಗೆ ಆಂಪನ್ನು ಹೊಂದಿಸಲಿಕ್ಕೆ ಇರುವುದು! ಮಿತಿ ಮೀರಿದರೆ ಸದ್ದಿನ ತಲೆಯೇ ಕತ್ತರಿಸಿ ಹೋಗ್ತದೆ. ಚೆಂಡೆಯ ಪೆಟ್ಟು ಎಷ್ಟು ಚುರುಕು, ನಮ್ಮ ಕಡೆಯವರಿಗೆ ಹೇಳಬೇಕಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಹುಟ್ಟಿದ ನನಗೆ ಅದು ಡಬ್ಬಿ ಬಡಿದ ಹಾಗೆ ಕೇಳಿಸಿತು. ಅಪ್ಪನ ಸ್ವರ ಅಪ್ಪನದ್ದೇ ಅಂತ ಗುರುತು ಹಿಡಿಯಲಿಕ್ಕೆ ಆಗಲಿಲ್ಲ. ಸ್ಪೀಕರಿನ ಕೋನು ಬರೀ ಕಾಗದ, ಕಾರಿನ ಬಾಗಿಲಿಗೆ ಹಾಕುವಂಥದ್ದು. ನಮ್ಮಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಹೆಚ್ಚು ಮಳೆ, ಕಾಗದ ಒದ್ದೆಯಾದರೆ ಉಳಿಯುತ್ತದಾ?

ಅಂಗಡಿಗೆ ಹೋದೆ. ಕರಗಿದ ವಯರನ್ನು ಎತ್ತಿ ನೋಡಿ "ಇಲಿ ಕಚ್ಚಿರಬೇಕು, ನಿಮ್ಮ ಶೆಡ್ಡಿನಲ್ಲಿ ಇಲಿ ಉಂಟಾ?" ಅಂದ. ಬಿಲ್ಲು ಕೇಳಿದರೆ ಚೀಟಿಯಲ್ಲಿ ಮೊತ್ತ ಮಾತ್ರ. ಆಮೇಲೆ ನನ್ನ ಮುಖ ನೋಡದೆ ಫೋನು ಒತ್ತಲಿಕ್ಕೆ ಶುರು ಮಾಡಿದ.

ಆ ಹೊತ್ತಿಗೆ ಹೆಂಡತಿ ಹಿಂದೆ ಕೂತಿದ್ದರೆ? ಅವಳೂ ಬರ್ತೇನೆ ಅಂದಿದ್ದಳು, ನೆಂಟರು ಬಂದರು ಅಂತ ಉಳಿದದ್ದು.

ವಯರು, ಆಂಪಿನ ಫ್ಯೂಸು, ಉಜ್ಜಿ ಹೋದ ಜಾಗದ ಫೋಟೋ ಎಲ್ಲ ಒಂದು ತೊಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಸೋಮವಾರ ಮತ್ತೆ ಹೋಗ್ತೇನೆ. ವಯರಿನ ಹಣ, ಕೂಲಿ, ಸುಟ್ಟು ಹೋದ ಹಾರ್ನೆಸ್ಸಿನ (ಬೈಕಿನ ವಯರುಗಳ ಕಟ್ಟು) ಖರ್ಚು ಕೊಡದೆ ಅಲ್ಲಿಂದ ಏಳುವುದಿಲ್ಲ. ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆದು ಇಟ್ಟಾಗಿದೆ.