ಸತ್ಯಾಂಶ: ಎರಡೂ ಮಂಡಿ ಬದಲಿಸಿದರೆ ಆರು ತಿಂಗಳು ಹಾಸಿಗೆಯೇ?

"ಎರಡೂ ಮಂಡಿ ಬದಲಿಸಿದರೆ ಆರು ತಿಂಗಳು ಹಾಸಿಗೆ, ಮೆಟ್ಟಿಲಂತೂ ಮರೆತುಬಿಡಿ." ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ಸರಿಯಲ್ಲ. ಸಾಮಾನ್ಯವಾಗಿ ಆಪರೇಷನ್ ಆದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಸುಮ್ನೆ ಮಲಗಿದರೇ ಅಪಾಯ ಜಾಸ್ತಿ: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮಂಡಿ ಬಿಗಿಯಬಹುದು. ಮೆಟ್ಟಿಲು ಹತ್ತುವುದನ್ನು ಫಿಸಿಯೋಥೆರಪಿಯಲ್ಲೇ ಕಲಿಸುತ್ತಾರೆ. ಒಂದೇ ಮಂಡಿಯಾದರೆ "ಹತ್ತುವಾಗ ಒಳ್ಳೆ ಕಾಲು ಮೊದಲು" ಎನ್ನುತ್ತಾರೆ. ಎರಡೂ ಹೊಸದಾದರೆ ಒಳ್ಳೆಯದು ಯಾವುದು, ಅಲ್ವಾ? ಹೆಚ್ಚು ಗಟ್ಟಿ ಅನಿಸುವ ಕಾಲು ಮೊದಲು, ಕೈ ಕಂಬಿಯ ಮೇಲೆ.

ಲೋಕಲ್ ಟ್ರೇನಿನ ನೂಕುನುಗ್ಗಲಿಗೆ ಮಾತ್ರ ಅವಸರ ಬೇಡ. ಊತ ಕೆಲವು ತಿಂಗಳು ಇರಬಹುದು, ಪೂರ್ತಿ ಚೇತರಿಕೆಗೆ ವರ್ಷವೂ ಹಿಡಿಯಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ಹಲವರಿಗೆ ಕಷ್ಟವೇ. ಎರಡನ್ನೂ ಒಂದೇ ಸಲ ಮಾಡಿಸಬಹುದೇ ಎಂಬುದನ್ನು ಹೃದಯ, ಶ್ವಾಸಕೋಶ ಪರೀಕ್ಷಿಸಿ ಡಾಕ್ಟರೇ ಹೇಳಬೇಕು.