ಉಬ್ಬರದ ನೀರಿಗೆ ಸಿಕ್ಕ ಸೈಟುಗಳು

ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದು ಮನೆ ಹುಡುಕುವ ನಮ್ಮವರಿಗೆ ಯಾರಾದರೂ ಒಬ್ಬರು ರಸೆಲ್ ದ್ವೀಪದ ಹೆಸರು ಹೇಳಿಯೇ ಹೇಳುತ್ತಾರೆ. ಅಲ್ಲಿ ಸೈಟು ಅಗ್ಗ. ಊರ ಪಕ್ಕದ ಮೊರೆಟನ್ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಸುಮಾರು 8 ಕಿಲೋಮೀಟರ್ ಉದ್ದದ ದ್ವೀಪ. ರೆಡ್‌ಲ್ಯಾಂಡ್ ಬೇಯಲ್ಲಿ ಫೆರಿ ಹತ್ತಬೇಕು. ಇಲ್ಲಿನ ಮೂಲನಿವಾಸಿ ಕ್ವಾಂಡಮೂಕ ಜನರಿಗೆ ಅದು ಕನೈಪ. ಆಮೇಲೆ ಬಂದ ಬಿಳಿಯರು ಬಾಳೆ, ಅನಾನಸು ಬೆಳೆದರು. ದಡದ ಕಾಂಡ್ಲಾ ಕಾಡು, ಸೆಖೆ, ಉಪ್ಪುಗಾಳಿ ಎಲ್ಲ ಸೇರಿ ಉತ್ತರ ಕನ್ನಡದವರಿಗೆ ಅಘನಾಶಿನಿ ಅಳಿವೆ ನೆನಪಾದೀತು.

ಈ ದ್ವೀಪಕ್ಕೆ ಒಂದು ಕೆಟ್ಟ ಹೆಸರೂ ಇದೆ. 1960ರ ದಶಕದ ಕೊನೆಯಿಂದ ಡೆವಲಪರ್‌ಗಳು ತೋಟಗಳನ್ನು ಕೊಂಡು ಸಾವಿರಾರು ಸೈಟು ಮಾಡಿದರು. 1973ರವರೆಗೆ ಅಲ್ಲಿಗೆ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದು, ಅನ್ನೋದೇ ಇರಲಿಲ್ಲ. ಕೇಳೋರು ಯಾರು? ನಕ್ಷೆಯ ಮೇಲೆ ಗೆರೆ ಎಳೆದು ದೂರದೂರಿನವರಿಗೆ ಮಾರಿದರು. ಸೇತುವೆ ಬರುತ್ತದೆ ಎಂಬ ಆಸೆ ಬೇರೆ. ಸೇತುವೆ ಇವತ್ತಿಗೂ ಬಂದಿಲ್ಲ. ಜಾಗ ನೋಡದೆ ದುಡ್ಡು ಕಟ್ಟಿದ ಕೆಲವರಿಗೆ ಸಿಕ್ಕಿದ್ದು ಉಬ್ಬರ ಬಂದರೆ ಮುಳುಗುವ ಸೈಟು. ಆಮೇಲೆ ಬಂದ ಕೌನ್ಸಿಲ್, ನೀರು ನಿಲ್ಲುವ ಕಡೆ ಮನೆ ಕಟ್ಟಲು ಬಿಡಲಿಲ್ಲ. ಎಷ್ಟೋ ಸೈಟುಗಳನ್ನು ವಾಪಸ್ ಪಡೆದು ಕಾಡಿಗೇ ಬಿಟ್ಟಿತು. ಮಾರಿದವರು ಲಾಭ ಎಣಿಸಿಕೊಂಡರು, ಸರಿಮಾಡುವ ಖರ್ಚು ಊರ ಪಾಲಿಗೆ ಬಂತು.

ದ್ವೀಪದ ಕಥೆ ಬಿಡಿ, ಬ್ರಿಸ್ಬೇನ್ ಊರೂ ಇಂಥದ್ದೇ ಪಾಠ ನಿಧಾನವಾಗಿ ಕಲಿತಿದೆ. 1974ರ ನೆರೆಯಲ್ಲಿ ನದಿ ಊರೊಳಗೆ 5.45 ಮೀಟರ್‌ಗೆ ಏರಿತು. ಆಮೇಲೆ ವೈವನ್‌ಹೋ ಅಣೆಕಟ್ಟು ಕಟ್ಟಿದರು. ಇನ್ನು ಭಯವಿಲ್ಲ ಅಂದುಕೊಂಡು ತಗ್ಗಿನಲ್ಲಿ ಮತ್ತೆ ಮನೆ ಎದ್ದವು. 2011ರಲ್ಲಿ 4.46 ಮೀಟರ್, 2022ರಲ್ಲಿ 3.85 ಮೀಟರ್.

ನನಗೆ ಇಲ್ಲಿ ತುಂಬ ಇಷ್ಟವಾದದ್ದು ಅಣೆಕಟ್ಟಲ್ಲ, ಒಂದು ಕಾಗದ. ಬ್ರಿಸ್ಬೇನ್ ಕೌನ್ಸಿಲ್ಲಿನ ‘ಫ್ಲಡ್‌ವೈಸ್’ ವರದಿ. ಊರಿನ ಯಾವ ಮನೆಯ ವಿಳಾಸ ಹಾಕಿದರೂ ಪುಕ್ಕಟೆ ಬರುತ್ತದೆ. ನೆಲ ಎಷ್ಟು ಎತ್ತರ, ಯಾವುದೇ ಒಂದು ವರ್ಷ ಬರುವ ಸಾಧ್ಯತೆ ನೂರರಲ್ಲಿ ಒಂದು ಇರುವಂಥ ನೆರೆ ಬಂದರೆ ನೀರು ಎಲ್ಲಿಯವರೆಗೆ, ಎಲ್ಲ ಮೀಟರ್ ಲೆಕ್ಕದಲ್ಲಿ. ನೆಲದ ಅಂಕಿ ಸಣ್ಣದು, ನೀರಿನ ಅಂಕಿ ದೊಡ್ಡದು ಅಂದರೆ ಮುಗೀತು, ಬ್ರೋಕರ್ ಮಾತು ಕೇಳಬೇಕಿಲ್ಲ. ಹಾಗಂತ ಇಲ್ಲಿಯವರನ್ನು ಸುಮ್ನೆ ಹೊಗಳಲಾರೆ. 2025ರ ಆಗಸ್ಟ್‌ನಿಂದ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮನೆ ಮಾರುವವರು ಮೊದಲೇ ವಿವರಗಳ ಫಾರಂ ಕೊಡಬೇಕು. ಅದರಲ್ಲಿ ನೆರೆಯ ಇತಿಹಾಸ ಹೇಳಲೇಬೇಕು ಅಂತೇನಿಲ್ಲ! ಕೊಳ್ಳುವವರೇ ಹುಡುಕಿಕೊಳ್ಳಬೇಕು.

ಊರು ಬಿಟ್ಟು ಊರು ಕಟ್ಟುವುದರಲ್ಲೂ ಹೋಲಿಕೆ ತಲೆಗೆ ಬರುತ್ತದೆ. 2011ರ ಜನವರಿ 10ರಂದು ಇದೇ ರಾಜ್ಯದ ಗ್ರಾಂಥಮ್ ಎಂಬ ಪುಟ್ಟ ಊರು ನೆರೆಗೆ ಕೊಚ್ಚಿಹೋಯಿತು. ಅಲ್ಲಿನ ಕೌನ್ಸಿಲ್ ಪಕ್ಕದ ದಿಬ್ಬವನ್ನೇ ಕೊಂಡು, ತಗ್ಗಿನ ಜಾಗ ಕೊಟ್ಟವರಿಗೆ ಮೇಲೆ ಜಾಗ ಕೊಟ್ಟಿತು. ಅದೇ ವರ್ಷದ ಕೊನೆಗೆ ಜನ ಹೊಸ ಮನೆಗೆ ಬಂದರು. ನಮ್ಮ ಉತ್ತರ ಕರ್ನಾಟಕದಲ್ಲೂ 2009ರ ನೆರೆಯ ನಂತರ ಸಂತ್ರಸ್ತರಿಗೆ ‘ಆಸರೆ’ ಮನೆಗಳಾದವು. ಹೊಲ, ದನ ಒಂದು ಕಡೆ, ಮನೆ ಇನ್ನೊಂದು ಕಡೆ ಆದಲ್ಲಿ ಜನ ಹಳೆ ಊರಿಗೇ ಮರಳಿದರು. ಅವರನ್ನು ಬೈದು ಪ್ರಯೋಜನವಿಲ್ಲ. ಗ್ರಾಂಥಮ್‌ನವರು ಹೋದದ್ದು ಕೂಗಳತೆ ದೂರ, ಅಲ್ವಾ.

ಬೆಂಗಳೂರಿನದು ಬೇರೆ ರೋಗ. 2022ರ ಸೆಪ್ಟೆಂಬರ್‌ನಲ್ಲಿ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಇಲ್ಲಿನ ಟಿವಿಯವರೆಗೂ ಬಂತು. ರಾಜಕಾಲುವೆ ಎಲ್ಲಿತ್ತು ಅನ್ನೋದು ನಮ್ಮ ಹಳೇ ಗ್ರಾಮ ನಕ್ಷೆಗಳಲ್ಲೇ ಇದೆ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಕೂಡ ಸಿಗುತ್ತದೆ. ಆ ನಂಬರಿನ ಮುಂದೆ ‘ಇಲ್ಲಿ ಇಂಥ ವರ್ಷ ಇಷ್ಟು ಅಡಿ ನೀರು ನಿಂತಿತ್ತು’ ಎಂಬ ಒಂದು ಸಾಲು ಸೇರಿಸಬೇಕು. ಅದನ್ನು ನೋಡದೆ ಬ್ಯಾಂಕು ಸಾಲ ಕೊಡಬಾರದು. ಸೈಟಿನ ಬೆಲೆ ಬೀಳುತ್ತದೆ ಎಂದು ಗಲಾಟೆ ಆಗುತ್ತದೆ, ಗೊತ್ತು. ಬ್ರಿಸ್ಬೇನ್‌ನಲ್ಲೂ ನೆರೆ ನಕ್ಷೆ ಹೊರಬಿದ್ದಾಗ ಮನೆಯವರು ಗೊಣಗುತ್ತಾರೆ. ಗೊಣಗಲಿ, ನಕ್ಷೆ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಇರಲಿ.