ಮೊದಲು ಪರದೆಯ ಹಿಂದೆ ಕೂರಿಸಿ

ಮಕ್ಕಳಿಗೆ ಇಂಡೋನೇಷ್ಯಾದ ತೊಗಲುಗೊಂಬೆಗಳ ನೆರಳಾಟವಾದ ವಯಾಂಗ್ ಕುಲಿತ್ ತೋರಿಸುವ ಮುಂಚೆ ಮಹಾಭಾರತದ ಕಥೆಯನ್ನೆಲ್ಲ ಹೇಳಿಕೊಡಬೇಕು ಅಂತ ಒಂದು ಲೇಖನದಲ್ಲಿ ಓದಿದೆ. ನನಗೆ ಹಾಗನ್ನಿಸುವುದಿಲ್ಲ. ಕಥೆ ಆಮೇಲೆ ಬರಲಿ, ಮೊದಲು ಪರದೆಯ ಹಿಂದೆ, ಗೊಂಬೆಯಾಡಿಸುವವರ ಕಡೆ ಕೂರಿಸಿ. ಜಾವಾದಲ್ಲಿ ದೊಡ್ಡವರೇ ಎಷ್ಟೋ ಜನ ಆ ಕಡೆಯಿಂದ ಆಟ ನೋಡುತ್ತಾರೆ.

ಬಾಲಿಗೆ ಹೋದಾಗ ನನ್ನ ಆರು ವರ್ಷದ ಮಗಳಿಗೆ ಅಲ್ಲಿನ ಭಾಷೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಎಣ್ಣೆ ದೀಪದ ಕುಡಿ ಅಲುಗಿದಾಗ ಭೀಮನ ನೆರಳು ಉಸಿರಾಡಿದ ಹಾಗೆ ಕಂಡಿತು. ಅವಳು ಮಿಸುಕಲಿಲ್ಲ. ದಲಾಂಗ್, ಅಂದರೆ ಗೊಂಬೆಯಾಡಿಸುವವರು, ಒಬ್ಬರೇ ಎಲ್ಲ ಗೊಂಬೆಗಳಿಗೂ ದನಿ ಕೊಡುತ್ತಾರೆ. ಕಾಲ್ಬೆರಳ ಸಂದಿಯಲ್ಲಿ ಮರದ ತುಂಡು ಹಿಡಿದು ಪೆಟ್ಟಿಗೆಗೆ ಬಡಿದು ಯುದ್ಧದ ಸದ್ದನ್ನೂ ಮಾಡುತ್ತಾರೆ! ಅವಳಿಗೆ ಅದೇ ದೊಡ್ಡ ಬೆರಗು.

ಇನ್ನೊಂದು ಮಾತು. ಮಕ್ಕಳಿಗೆ ಅರ್ಜುನನಿಗಿಂತ ಮೊದಲು ಹಾಸ್ಯಗಾರರನ್ನು ಪರಿಚಯಿಸಿ. ಜಾವಾದಲ್ಲಿ ಸೆಮಾರ್, ಬಾಲಿಯಲ್ಲಿ ತ್ವಾಲೆನ್. ನಮ್ಮ ತೊಗಲುಗೊಂಬೆ ಆಟದ ಕಿಳ್ಳೇಕ್ಯಾತನ ಹಾಗೆ. ಬಾಲಿಯಲ್ಲಿ ರಾಜರು ‘ಕವಿ’ ಎಂಬ ಹಳೆಯ ಭಾಷೆಯಲ್ಲಿ ಮಾತಾಡಿದರೆ, ಈ ಹಾಸ್ಯಗಾರರು ಅದನ್ನು ಆಡುಮಾತಿಗೆ ತಿರುಗಿಸಿ ಹೇಳುತ್ತಾರೆ. ಅಲ್ಲಿನ ಮಕ್ಕಳಿಗೂ ಕಥೆ ತಲುಪುವುದು ಹೀಗೇ ಅಲ್ವಾ?

ಜಾವಾದ ಆಟ ರಾತ್ರಿಯಿಡೀ ನಡೆಯುತ್ತದೆ. ಮಗುವಿಗೆ ನಿದ್ದೆ ಬಂದರೆ ಎಬ್ಬಿಸಬೇಡಿ. ಆಟದ ಜೊತೆ ನುಡಿಸುವ ಗಮೆಲಾನ್ ವಾದ್ಯಮೇಳದ ಸದ್ದಿನಲ್ಲೇ ಮಲಗಲಿ.